ಹೂವಿನವಳಿಗೆ ಒಂದು ಹೆಸರಿಡು

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಮ್ಮನಿಗೆ,

ಮಂಡ್ಯದಿಂದ ನೀನು ಕಳಿಸಿದ ಕತೆಯನ್ನು ಒಂದೇ ಉಸಿರಿಗೆ ಓದಿದೆ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೊರಟ ಹುಡುಗರು, ಪಾಂಡವಪುರದಲ್ಲಿ ಹೂವಿನ ಬುಟ್ಟಿ ಹೊತ್ತು ಹತ್ತುವ ಹೆಂಗಸು, ಆಕೆಯನ್ನು ನೋಡಿ ಅವರು ತಮ್ಮತಮ್ಮಲ್ಲೇ ಆಡಿಕೊಂಡು ನಗುವ ‘ಮಿಲ್ಫ್’ ಎಂಬ ಪದ. ಅದನ್ನು ಉಳಿಸಬೇಕೋ ತೆಗೆಯಬೇಕೋ ಎಂದು ಕೇಳಿದ್ದೀಯ. ಉಳಿಸು. ಹುಡುಗರ ಮಾತನ್ನು ಕತೆಗಾರ ತೊಳೆದು ಬರೆದರೆ ಓದುಗ ಅವನನ್ನು ನಂಬುವುದಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಆದರೆ ಪಾತ್ರದ ಬಾಯಿಗೆ ಒಂದು ಪದ ಹಾಕುವ ಮುಂಚೆ ಅದರ ಕುಲಗೋತ್ರ ತಿಳಿದಿರಬೇಕು.

‘ನಾನು ಭೋಗಿಸಬೇಕೆನ್ನುವ ತಾಯಿ’ ಎಂಬ ಹಸಿ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದ ಅದು. 1992ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿದ್ಯಾರ್ಥಿಗಳಿಂದ ಸಂಗ್ರಹಿಸಿದ ಆಡುಪದಗಳ ನಡುವೆ ಅದು ಇತ್ತೆಂದು ಭಾಷಾವಿಜ್ಞಾನಿ ಲಾರೆಲ್ ಸಟನ್ ದಾಖಲಿಸಿದ್ದಾರೆ. ಲೋಕಕ್ಕೆಲ್ಲ ಹಂಚಿದ್ದು ಮಾತ್ರ 1999ರ ‘ಅಮೆರಿಕನ್ ಪೈ’ ಸಿನಿಮಾ. ಅದರಲ್ಲಿ ಗೆಳೆಯನ ಮನೆಯ ಪಾರ್ಟಿಗೆ ಬಂದ ಇಬ್ಬರು ಹುಡುಗರು ಆ ಮನೆಯ ತಾಯಿಯ ಭಾವಚಿತ್ರದ ಮುಂದೆ ನಿಂತು ಈ ಪದವನ್ನು ಮತ್ತೆ ಮತ್ತೆ ಕೂಗುತ್ತಾರೆ. ಆ ಸಿನಿಮಾದ ಪಾತ್ರಗಳ ಪಟ್ಟಿಯನ್ನು ನೋಡು. ಕೂಗಿದವರಲ್ಲಿ ಒಬ್ಬನಾದ ಜಾನ್ ಚೋ ‘ಮಿಲ್ಫ್ ಗೈ ನಂಬರ್ ಟೂ’. ಜೆನಿಫರ್ ಕೂಲಿಡ್ಜ್ ಅಭಿನಯಿಸಿದ ಆ ತಾಯಿ ಬರೀ ‘ಸ್ಟಿಫ್ಲರನ ತಾಯಿ’. ಜಗತ್ತಿಗೆ ಒಂದು ಪದವನ್ನು ಕೊಟ್ಟ ಹೆಂಗಸಿಗೆ ಪಟ್ಟಿಯಲ್ಲಿ ಸ್ವಂತ ಹೆಸರೇ ಇಲ್ಲ. ಇದನ್ನು ನೆನಪಿಟ್ಟುಕೋ, ನಿನ್ನ ಕತೆಗೆ ಬೇಕಾಗುತ್ತದೆ.

ಆಮೇಲೆ ನೀಲಿಚಿತ್ರದ ವ್ಯಾಪಾರಿಗಳು ಅದನ್ನು ಒಂದು ಸರಕಿನ ಹೆಸರು ಮಾಡಿಕೊಂಡರು. 2016ರಲ್ಲಿ ಗಾಯಕಿ ಫರ್ಗಿ ಆ ಪದದ ಕೊನೆಯ ಅಕ್ಷರ ‘ಎಫ್’ಗೆ ‘ಹಿಂಬಾಲಿಸು’ ಎಂಬ ಅರ್ಥ ಹಚ್ಚಿ ಹಾಡಿದರು. 2023ರಲ್ಲಿ ಅಮೆರಿಕದ ಟಿಎಲ್‌ಸಿ ವಾಹಿನಿ ಅದೇ ಪದವನ್ನು ಹೆಸರಲ್ಲಿಟ್ಟುಕೊಂಡು ರಿಯಾಲಿಟಿ ಶೋ ನಡೆಸಿತು. ಹೆಮ್ಮೆಯಿಂದ ಆ ಹೆಸರನ್ನು ಹೊತ್ತುಕೊಳ್ಳುವ ಹೆಂಗಸರೂ ಇದ್ದಾರೆ, ಅದು ಅವರ ಇಷ್ಟ. ನಿನ್ನ ಹೂವಿನವಳನ್ನು ಆಕೆಯ ಇಷ್ಟವೇನೆಂದು ಯಾರೂ ಕೇಳಿಲ್ಲ. ತನ್ನೆದುರಿಗೇ ಆಡಿದ ಮಾತು ಆಕೆಗೆ ಅರ್ಥವೂ ಆಗುವುದಿಲ್ಲ. ಆ ಪದ ಇಷ್ಟು ಸಲೀಸಾಗಿ ಹಬ್ಬಿದ್ದೇ ಅದರಿಂದ. ಅದೇ ಮಾತನ್ನು ಕನ್ನಡದಲ್ಲಿ ಪೂರ್ತಿ ಬಿಡಿಸಿ ಹೇಳಬೇಕಾಗಿ ಬಂದರೆ ಆ ಬೋಗಿಯಲ್ಲಿ ಒಬ್ಬ ಹುಡುಗನಿಗೂ ಬಾಯಿ ಬರುವುದಿಲ್ಲ.

ನಮ್ಮಲ್ಲಿ ಇದರ ಜೊತೆಗೆ ಸೇರಿಕೊಂಡದ್ದು ‘ಆಂಟಿ’. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಂದು ಕರೆಯಲು ನಂಟಸ್ತಿಕೆ ಬೇಕು. ಮೈಸೂರಿನ ಹೊಸ ಬಡಾವಣೆಗಳಲ್ಲಿ ನಂಟು, ಜಾತಿ ಯಾವುದನ್ನೂ ಕೇಳದೆ ಪಕ್ಕದ ಮನೆಯಾಕೆಯನ್ನು ಮರ್ಯಾದೆಯಿಂದ ಕರೆಯಲು ಒದಗಿದ್ದ ಪದ ಅದು. ನನ್ನ ಮಕ್ಕಳ ಗೆಳೆಯರು ಗೇಟಿನ ಹೊರಗೆ ನಿಂತು ಹಾಗೆ ಕೂಗಿದಾಗ ನನಗೆ ಸಂತೋಷವಾಗುತ್ತಿತ್ತು. ಈಗ ಮೊಬೈಲಿನಲ್ಲಿ ಆ ಪದವನ್ನು ಹುಡುಕಿದರೆ ಏನು ಸಿಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಹಿಂದಿಯಲ್ಲಿ ಅತ್ತಿಗೆಯನ್ನು ಕರೆಯುವ ‘ಭಾಬಿ’ಗೂ ಇದೇ ಗತಿಯಾಯಿತು. 2008ರಲ್ಲಿ ಶುರುವಾದ ಸವಿತಾ ಭಾಬಿ ಎಂಬ ಕಾಮಚಿತ್ರಕತೆಯ ಜಾಲತಾಣವನ್ನು ಮರುವರ್ಷ ಕೇಂದ್ರ ಸರ್ಕಾರ ತಡೆಹಿಡಿಯಿತು, ಪದಕ್ಕೆ ಹತ್ತಿದ ಕಲೆ ಹಾಗೇ ಉಳಿಯಿತು. ಸಿನಿಮಾದಲ್ಲಿ ದ್ವಂದ್ವಾರ್ಥದ ಮಾತು ಕೂಡದೆಂದು ಸೆನ್ಸಾರಿನ 1991ರ ಮಾರ್ಗಸೂಚಿಯಲ್ಲೇ ಇದೆ. ಆದರೆ ‘ಆಂಟಿ’ ಎಂದವನನ್ನು ಹಿಡಿದು ಕೇಳಿದರೆ, ಗೌರವದಿಂದ ಕರೆದೆ ಎಂದು ಜಾರಿಕೊಳ್ಳುತ್ತಾನೆ. ನನಗೆ ಸಿಟ್ಟು ಬರುವುದು ಅದಕ್ಕೇ.

ನಾನು ಮಡಿವಂತಿಕೆ ಹೇಳಿಕೊಡುತ್ತಿದ್ದೇನೆ ಎಂದುಕೊಳ್ಳಬೇಡ. ನಿಮ್ಮ ಕಡೆಯ ಮದುವೆಗಳಲ್ಲಿ ಅಜ್ಜಿಯರು ಹಾಡುತ್ತಿದ್ದ ಬೀಗರ ಪದಗಳನ್ನು ಕೇಳಿದವಳು ನಾನು. ಬೀಗಿತ್ತಿಯ ಮೈ, ಮಾತು, ನಡತೆ ಯಾವುದನ್ನೂ ಬಿಡದೆ ಎಳೆದು ಹಾಡುತ್ತಿದ್ದರು. ಪೋಲಿ ಎಂದರೆ ಪೋಲಿಯೇ. ಆದರೆ ಹಾಡಿಸಿಕೊಂಡಾಕೆ ಎದುರಿಗೇ ಕೂತಿರುತ್ತಿದ್ದಳು. ಆಕೆಗೆ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು. ಆಕೆಯ ಕಡೆಯವರು ಇನ್ನೂ ಒಂದು ಕೈ ಮೇಲಾಗಿ ತಿರುಗಿಸಿ ಹಾಡುತ್ತಿದ್ದರು. ಅಂಥ ಪೋಲಿತನವನ್ನು ಬರೆಯಲು ಬಂದರೆ ಧಾರಾಳವಾಗಿ ಬರೆ, ನಾನೇ ಮೊದಲು ಓದುತ್ತೇನೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೂರನೇ ಪುಟದಲ್ಲಿ ‘ಸೆರಗು ಜಾರಿದ ಆಂಟಿ ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡಳು’ ಎಂದು ಬರೆದಿದ್ದೀಯ. ಇದು ಯಾವ ಹುಡುಗನ ಮಾತೂ ಅಲ್ಲ, ನಿನ್ನದು. ಹುಡುಗರು ಆಡಲಿ, ನಿರೂಪಣೆ ಅವರ ಕಣ್ಣನ್ನು ಸಾಲ ತರಬಾರದು. ಆ ಬುಟ್ಟಿಯಲ್ಲಿ ಏನಿದೆ ಎಂದು ನೀನು ಎಲ್ಲೂ ಹೇಳಿಲ್ಲ. ಕಾಕಡವೋ, ಸೇವಂತಿಗೆಯೋ, ಕನಕಾಂಬರವೋ? ಮೇಲೆ ಒದ್ದೆ ಗೋಣಿ ಹೊದಿಸಿದ್ದಾಳೆಯೇ? ದೇವರಾಜ ಮಾರುಕಟ್ಟೆಗೆ ಹಾಕುತ್ತಾಳೋ, ಬೀದಿಬೀದಿ ಸುತ್ತಿ ಮೊಳದ ಲೆಕ್ಕದಲ್ಲಿ ಮಾರುತ್ತಾಳೋ? ಆ ರೈಲಿನಲ್ಲಿ ಓಡಾಡುವ ಹೂವಿನವರನ್ನು ಗಮನಿಸಿದ್ದೀಯಾ? ನೆಲದ ಮೇಲೆ ಕೂತು, ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮೈಸೂರು ಬರುವಷ್ಟರಲ್ಲಿ ಒಂದು ದಂಡೆ ಕಟ್ಟಿ ಮುಗಿಸುತ್ತಾರೆ. ಕಣ್ಣು ಹೂವಿನ ಮೇಲೂ ಇರುವುದಿಲ್ಲ. ಹುಡುಗರು ಆ ಪದ ಆಡುವ ಹೊತ್ತಿಗೆ ಓದುಗ ಈ ಬೆರಳುಗಳನ್ನು ನೋಡಿರಬೇಕು. ಆಗ ಆ ಮಾತು ಅವನಿಗೂ ತಾಗುತ್ತದೆ.

ನೀನು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗವೊಂದಿದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಆಕೆ ಆ ಹುಡುಗರಲ್ಲೊಬ್ಬನನ್ನು ‘ಯಾರ ಮಗನಪ್ಪ ನೀನು?’ ಎಂದು ಕೇಳುತ್ತಾಳೆ. ನಮ್ಮ ಸೀಮೆಯಲ್ಲಿ ಯಾರು ಯಾರನ್ನಾದರೂ ಕೇಳುವ ಪ್ರಶ್ನೆ. ಆಕೆಗೆ ಕೋಪವಿಲ್ಲ, ಏನೂ ತಿಳಿದಿಲ್ಲ. ಅವನಿಗೆ ಮಾತ್ರ ಉತ್ತರ ಹೊರಡುವುದಿಲ್ಲ. ಇಂಥ ಜಾಗ ಸಿಕ್ಕಿದಾಗ ನೀನು ಮುಂದಿನ ಸಾಲಿನಲ್ಲೇ ರೈಲನ್ನು ಮೈಸೂರಿಗೆ ತಂದು ನಿಲ್ಲಿಸಿಬಿಟ್ಟಿದ್ದೀಯ! ನಾಗನಹಳ್ಳಿಯವರೆಗಾದರೂ ಅವರಿಬ್ಬರನ್ನೂ ಎದುರುಬದುರು ಕೂರಿಸು. ಆಕೆಯ ಕೈಯಿಂದ ಅವನ ಕೆನ್ನೆಗೆ ಹೊಡೆಸಬೇಡ, ಅವನಿಂದ ಕ್ಷಮೆ ಕೇಳಿಸಬೇಡ. ಅವನು ಊರಿನ ಹೆಸರು ಹೇಳಲಿ, ಅಪ್ಪನ ಹೆಸರು ಹೇಳಲಿ, ಆಕೆಗೆ ಪರಿಚಯದವರೇ ಆಗಿರಲಿ.

ಮತ್ತೆ, ಆಕೆಗೊಂದು ಹೆಸರಿಡು. ಹುಡುಗರಿಗೆ ತಿಳಿಯಬೇಕಾಗಿಲ್ಲ, ಓದುಗನಿಗೆ ತಿಳಿದಿರಲಿ. ತಿದ್ದಿದ ಪ್ರತಿಯನ್ನು ದಸರಾ ಗದ್ದಲಕ್ಕೆ ಮುಂಚೆ ಅಂಚೆಯಲ್ಲಿ ಕಳಿಸು. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟಿರು, ನಾನು ಪೆನ್ಸಿಲಿನಲ್ಲಿ ಗುರುತು ಮಾಡಬೇಕು.

ಪ್ರೀತಿಯಿಂದ,
ಅಕ್ಕ