ಆ ಕಿಡಿ ನಿನ್ನದು, ದೋಸ್ತಾ

ದೋಸ್ತಾ,

ಫೋನ್ ಮಾಡಬಹುದಿತ್ತು. ಮಾಡಿದೆ ಕೂಡ, ಎರಡು ಸಲ. ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಅದಕ್ಕೇ ಊರ ಮಂದಿಯ ಎದುರಿಗೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನೀನು ಜಾಸ್ತಿ ಬೈಯುವುದಿಲ್ಲ ಎನ್ನುವ ಧೈರ್ಯ. ಕೊಡೆಯ ವಿಚಾರ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ಹೋದ ವಾರ ಆಯಿ ಶಿರಸಿಯಿಂದ ಬಂದಿದ್ದಳು. ಅಣ್ಣನ ಮಗಳೂ ಜೊತೆಗಿದ್ದಳು. ಮೈಸೂರಿಗೆ ಬಂದ ನೆಂಟರನ್ನು ಎಲ್ಲರೂ ಅರಮನೆಗೆ ಕರೆದುಕೊಂಡು ಹೋಗುತ್ತಾರೆ. ನಾನು ರೈಲ್ವೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತೇನೆ. 1979ರಲ್ಲಿ ಶುರುವಾದ ಜಾಗ. ಮರದ ನೆರಳು, ಹಳೇ ಎಂಜಿನ್ನುಗಳು, ಗಲಾಟೆ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅರಮನೆಯಲ್ಲಿ ಬೇರೆ ಗೈಡುಗಳಿದ್ದಾರೆ. ಇಲ್ಲಿ ನಾನೇ ಗೈಡು.

ನನ್ನ ಭಾಷಣ ನಿನಗೆ ಬಾಯಿಪಾಠ. ಮೊದಲು ಅಕ್ಷರಗಳಿಂದ ಶುರು. ನಮ್ಮ ರೈಲ್ವೆಯ ಎಂಜಿನ್ ಹೆಸರಿನಲ್ಲಿ ಮೊದಲ ಅಕ್ಷರ ಹಳಿಯ ಅಗಲ ಹೇಳುತ್ತದೆ. ಬ್ರಾಡ್ ಗೇಜಿಗೆ ಡಬ್ಲ್ಯೂ, ಮೀಟರ್ ಗೇಜಿಗೆ ವೈ. 'ಮೀಟರಿಗೆ ಎಂ ಅಲ್ವಾ ಚಿಕ್ಕಪ್ಪ?' ಎಂದಳು ಹುಡುಗಿ. ಇದೇ ಪ್ರಶ್ನೆಗೆ ಕಾದಿದ್ದೆ. ಮೀಟರ್ ಅಂದರೆ ಹೆಚ್ಚು ಕಡಿಮೆ ಒಂದು ಗಜ, ಗಜಕ್ಕೆ ಇಂಗ್ಲಿಷಿನಲ್ಲಿ ಯಾರ್ಡ್, ಅದರ ವೈ. ಆಮೇಲೆ ಪ್ಯಾಸೆಂಜರಿಗೆ ಪಿ, ಗೂಡ್ಸಿಗೆ ಜಿ. ನೀನು ಹುಬ್ಬಳ್ಳಿಯಲ್ಲಿ ನೋಡುತ್ತ ಬೆಳೆದ ವೈಪಿ, ವೈಜಿ ಅಂದರೆ ಇಷ್ಟೇ. ಚಿತ್ತರಂಜನ್ ಕಾರ್ಖಾನೆಯ ಮೊದಲ ಎಂಜಿನ್ನಿಗೆ 1950ರಲ್ಲಿ 'ದೇಶಬಂಧು' ಎಂದು ಹೆಸರಿಟ್ಟದ್ದು, 1970ರಲ್ಲಿ ಅಲ್ಲಿ ಕಟ್ಟಿದ ಕೊನೆಯ ಬ್ರಾಡ್ ಗೇಜ್ ಉಗಿ ಎಂಜಿನ್ನಿಗೆ 'ಅಂತಿಮ್ ಸಿತಾರಾ' ಎಂದು ಹೆಸರಿಟ್ಟದ್ದು, ಎಲ್ಲ ಒದರಿದೆ. ಆಯಿ ಕಲ್ಲುಬೆಂಚು ಹುಡುಕಿ ಕೂತಳು.

ಆಮೇಲೆ ಚುಕುಬುಕು. ಎಂಜಿನ್ನಿನ ಎರಡು ಪಕ್ಕದಲ್ಲಿ ಎರಡು ಸಿಲಿಂಡರ್. ಒಂದೊಂದರಲ್ಲೂ ಉಗಿ ಪಿಸ್ಟನ್ನನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ತಳ್ಳುತ್ತದೆ. ಹಾಗಾಗಿ ದೊಡ್ಡ ಗಾಲಿ ಒಂದು ಸುತ್ತು ಬಂದರೆ ನಾಲ್ಕು ಸದ್ದು. ಚು, ಕು, ಬು, ಕು. ನಾಲ್ಕೇ ಅಕ್ಷರ, ಎಣಿಸಿಕೋ. ಈ ಪದ ಮೊದಲು ಹೇಳಿದ ಮಗು ಯಾವುದೋ ಏನೋ, ಅದರ ಕಿವಿ ಭಾರಿ ಚುರುಕು.

ಸದ್ದಿನಿಂದ ಹೊಗೆಗೆ ಬಂದೆ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಚಿಮಣಿಯ ಕೆಳಗಿರುವ ಸಣ್ಣ ಮೂತಿಯೊಂದರಿಂದ ಜೋರಾಗಿ ಮೇಲಕ್ಕೆ ಹಾರಿಸುತ್ತಾರೆ. ಅದು ಹೋಗುವಾಗ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೆ ಒಲೆಯೊಳಗೆ ಗಾಳಿ ನುಗ್ಗುತ್ತದೆ, ಬೆಂಕಿ ಧಗಧಗ ಎನ್ನುತ್ತದೆ. ಭಾರ ಹೆಚ್ಚಾದಷ್ಟೂ ಬೆಂಕಿ ಜೋರು. ಊದುವವರೇ ಬೇಡದ ಒಲೆ. ಆದರೆ ಎಳೆತ ಹೆಚ್ಚಾದಾಗ ಕೆಂಡದ ಸಣ್ಣ ಚೂರುಗಳೂ ಹಾರುತ್ತವೆ. ತಡೆಯಲು ಒಳಗೊಂದು ಜಾಲರಿ ಇರುತ್ತದೆ. ಕೆಲವು ತಪ್ಪಿಸಿಕೊಂಡೇ ಬಿಡುತ್ತವೆ.

ಇಷ್ಟು ಹೇಳಿ, ಎಂದಿನಂತೆ, ನನ್ನ ಕಥೆ ಹೇಳಿದೆ. ಏಳು ವರ್ಷದವನಿದ್ದಾಗ ಎಂಜಿನ್ನಿಗೆ ಮುಖ ಮಾಡಿ ಕಿಟಕಿ ಪಕ್ಕ ಕೂತಿದ್ದೆ. ಎಡಗಣ್ಣಿಗೆ ಕಿಡಿ ಬಿತ್ತು. ಬೋಗಿಯೆಲ್ಲ ಕೇಳುವಂತೆ ಕಿರುಚಿದೆ. ಆಯಿ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಬಿಸಿ ಉಸಿರು ಊದಿ, ಕಣ್ಣಿಗೆ ಒತ್ತಿದಳು. ಸ್ಟೇಷನ್ ಬರುವವರೆಗೂ ಕೈ ತೆಗೆಯಲಿಲ್ಲ.

ಬೆಂಚಿನ ಮೇಲಿದ್ದ ಆಯಿ ತಲೆ ಎತ್ತಿದಳು. 'ಮಾಣಿ, ಏಳು ವರ್ಷಕ್ಕೆ ನೀ ಯಾವ ರೈಲು ಹತ್ತಿದ್ದೆ? ಶಿರಸಿಗೆ ಇವತ್ತಿಗೂ ರೈಲಿಲ್ಲ. ನೀ ರೈಲು ಕಂಡದ್ದೇ ಧಾರವಾಡಕ್ಕೆ ಓದಲು ಹೋದ ಮೇಲೆ.'

ನಗಬೇಡ. ಆಯಿ ಬೈದಿದ್ದರೆ ಪರವಾಗಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸಲೀಸಾಗಿ ಹೇಳಿ, ಮತ್ತೆ ಎಲೆ ಅಡಿಕೆ ಚೀಲ ಬಿಚ್ಚಿದಳು. ನಾನು ಬಾಯಿ ತೆರೆದವನು ತೆರೆದ ಹಾಗೇ ನಿಂತೆ. ಯಾಕೆಂದರೆ ನನಗೆ ಅದು ನೆನಪಿದೆ, ದೋಸ್ತಾ. ಎಡಗಣ್ಣು ಉರಿದದ್ದು ನೆನಪಿದೆ. ಸೆರಗಿನ ವಾಸನೆ ನೆನಪಿದೆ. ಆ ವಾಸನೆ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. ಸೆರಗಿಗೆ ಜೋಳದ ಹಿಟ್ಟಿನ ವಾಸನೆ ಇತ್ತು. ನಮ್ಮ ಮನೆಯಲ್ಲಿ ಯಾರು ರೊಟ್ಟಿ ತಟ್ಟುತ್ತಿದ್ದರು ಹೇಳು?

ಅದು ನಿನ್ನ ಕಿಡಿ. ಹಾಸ್ಟೆಲ್ಲಿನಲ್ಲಿ ಕರೆಂಟ್ ಹೋದ ಒಂದು ರಾತ್ರಿ ನೀನು ಹೇಳಿದ್ದು. ಹುಬ್ಬಳ್ಳಿಯಿಂದ ಗದಗಿಗೆ ಹೊರಟ ಪ್ಯಾಸೆಂಜರ್, ಅಣ್ಣಿಗೇರಿ ಇನ್ನೂ ಬಂದಿರಲಿಲ್ಲ. ಸೆರಗು ಒತ್ತಿದ್ದು ಅವ್ವ. ಮುಂದೆ ಎಂಜಿನ್ನಿನಲ್ಲಿ ಸಲಿಕೆ ಹಿಡಿದು ನಿಂತಿದ್ದವರು ಕಾಕಾ. 'ನಮ್ಮಪ್ಪನ ಪಗಾರ ನನ್ನ ಕಣ್ಣಾಗ ಬಿತ್ತಲೇ' ಎಂದು ನೀನು ನಕ್ಕಿದ್ದೆ. ನಮ್ಮಪ್ಪ ಅಡಿಕೆ ತೋಟದವನು, ಅವನನ್ನು ಎಂಜಿನ್ ಹತ್ತಿಸುವುದು ಹೇಗೆ? ಅದಕ್ಕೇ ನನ್ನ ಕಥೆಯಲ್ಲಿ ಆ ಭಾಗ ಬಿದ್ದುಹೋಯಿತು. ಕಥೆಯಲ್ಲಿ ಎಲ್ಲಕ್ಕಿಂತ ಚೆಂದದ ಭಾಗವನ್ನೇ ಬಿಟ್ಟು ಉಳಿದದ್ದು ಹೊತ್ತುಕೊಂಡು ಹೋದ ಕಳ್ಳ ನಾನು.

ರೈಲ್ವೆ ಮಾತು ಕದ್ದದ್ದಕ್ಕೆ ಲೆಕ್ಕವಿಲ್ಲ, ಅದು ಇಡೀ ಹಾಸ್ಟೆಲ್ ಕದ್ದಿತ್ತು. ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. ವಾರ್ಡನ್ ಮಲಗಿದರೆ 'ಲೈನ್ ಕ್ಲಿಯರ್'. ಫಲಿತಾಂಶಕ್ಕೆ ಕಾಯುತ್ತಿರುವವನು 'ಔಟರಿನಾಗ ನಿಂತಾನ', ಅಂದರೆ ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾಯುತ್ತಿರುವ ಗಾಡಿ. ಜೊತೆಗೆ ಯಾರೂ ಇಲ್ಲದೆ ಒಬ್ಬನೇ ಸಿನಿಮಾಕ್ಕೆ ಹೋಗುವವನು 'ಲೈಟ್ ಎಂಜಿನ್', ಅಂದರೆ ಬೋಗಿ ಇಲ್ಲದೆ ಖಾಲಿ ಓಡುವ ಎಂಜಿನ್. ಪರೀಕ್ಷೆಯಲ್ಲಿ ಹಿಂದೆ ಕೂತು ಉತ್ತರ ಹೇಳಿಕೊಡುವವನು 'ಬ್ಯಾಂಕರ್'. ಕ್ಯಾಸಲ್‌ರಾಕ್ ಘಾಟಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಮುಂದಿನ ಎಂಜಿನ್ ಸಾಲದು, ಹಿಂದಿನಿಂದ ತಳ್ಳಲು ಇನ್ನೊಂದು ಬೇಕು. ಅದು ಬ್ಯಾಂಕರ್. ನಾನು ಬಿಎಸ್‌ಸಿ ಘಾಟಿ ಹತ್ತಿದ್ದು ಯಾರ ಬ್ಯಾಂಕರಿನಿಂದ ಅಂತ ಇಲ್ಲಿ ಹೇಳುವುದಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 'ಲೆಡ್ ಪ್ಲಗ್'. ಒಲೆಯ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಅಲ್ಲೊಂದು ಸೀಸ ತುಂಬಿದ ಪ್ಲಗ್ ಇರುತ್ತದೆ. ನೀರು ಕಡಿಮೆಯಾದರೆ ಸೀಸ ಕರಗುತ್ತದೆ, ಉಗಿ ಒಲೆಯೊಳಗೇ ನುಗ್ಗಿ ಅಪಾಯದ ಸುದ್ದಿ ಮುಟ್ಟಿಸುತ್ತದೆ. ಬಾಯ್ಲರ್ ಸಿಡಿಯುವುದಕ್ಕಿಂತ ಅದು ವಾಸಿ. ಆದರೆ ಪ್ಲಗ್ ಕರಗಿಸಿಕೊಂಡವನಿಗೆ ಶೆಡ್ಡಿನಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ ಎಂದು ಕಾಕಾ ಹೇಳುತ್ತಿದ್ದರು. ನಿನಗೆ ಸಿಟ್ಟು ಬಂದಾಗ ನಾವೆಲ್ಲ 'ಲೆಡ್ ಪ್ಲಗ್ ಹೋತು' ಎಂದು ಓಡುತ್ತಿದ್ದೆವು.

ಅದು ಹೋಗಬೇಕಾಗಿದ್ದ ದಿನ ಹೋಗಲಿಲ್ಲವಲ್ಲೋ.

ಹೋದ ವರ್ಷ ಆ ಕಿಡಿಯ ಕಥೆಯನ್ನು ನಾನು ಇದೇ ಜಾಗದಲ್ಲಿ ಬರೆದೆ. ನನ್ನ ಕಣ್ಣು, ನನ್ನ ಆಯಿ, ನನ್ನ ರೈಲು. ಜನ ಹೊಗಳಿದರು. ಯಾರೋ ಕಣ್ಣೀರು ಬಂತು ಎಂದರು. ನೀನು ಒಂದು ಹಾರ್ಟ್ ಒತ್ತಿ ಸುಮ್ಮನಾದೆ. ರೈಲ್ವೆ ಕ್ವಾರ್ಟರ್ಸಿನ ಹುಡುಗನೇ ಮೆಚ್ಚಿದ, ಇನ್ನು ಬೇರೆ ಸರ್ಟಿಫಿಕೇಟ್ ಬೇಕಾ ಅಂತ ಆ ರಾತ್ರಿ ಬೀಗಿದ್ದೆ. ಆಗ ಅವ್ವ ಹೋಗಿ ಮೂರು ತಿಂಗಳಾಗಿತ್ತು. ನೀನು ಅದನ್ನು ಓದುತ್ತ ಹೋದಂತೆ ಅವ್ವನ ಸೆರಗು ಬಂದಿದೆ, ಅವ್ವನ ಉಸಿರು ಬಂದಿದೆ, ಹೆಸರು ಮಾತ್ರ ಬೇರೆ. ಓದಿ ಮುಗಿಸಿ ಹಾರ್ಟ್ ಒತ್ತಿದ್ದೀಯ. ಯಾಕೋ ಒತ್ತಿದೆ? ನನ್ನನ್ನು ಬಿಟ್ಟುಕೊಡಬಾರದು ಅಂತಲಾ? ಅಥವಾ ನಾನೇ ಹೇಳುತ್ತೇನೇನೋ ಅಂತ ಕಾಯುತ್ತಿದ್ದೆಯಾ?

ಕಾಕಾನ ಮೊಣಕೈ ಹತ್ತಿರ ಒಂದು ಕಪ್ಪು ಗುರುತಿತ್ತು. ಓಡುವ ಎಂಜಿನ್ನಿನಿಂದ ಕೈ ಹೊರಗೆ ಚಾಚಿ ಬೆತ್ತದ ಬಳೆ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಆದ ಗುರುತು. ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಕಬ್ಬಿಣದ ಗುಂಡು. ಗುಂಡು ಅಂದ ಕೂಡಲೇ ಬೇರೆ ಯೋಚನೆ ಮಾಡಬೇಡ, ಇದು ಟೋಕನ್. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗುಂಡು ಯಂತ್ರದಿಂದ ಹೊರಗೆ ಬರುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರದ್ದೇ ದಾರಿ. 'ಗುಂಡು ಕೈಗೆ ಬರಲಿಲ್ಲ ಅಂದ್ರ ಹೆಜ್ಜಿ ಮುಂದ ಇಡಾಂಗಿಲ್ಲ' ಎನ್ನುತ್ತಿದ್ದರು ಕಾಕಾ. ನಾನು ಬರಿಗೈಯಲ್ಲಿ ನಿನ್ನ ಸೆಕ್ಷನ್ನಿಗೆ ನುಗ್ಗಿದೆ. ಎದುರಿಗೆ ನೀನಿದ್ದೆ. ನೀನೇ ಗಾಡಿ ನಿಲ್ಲಿಸಿಕೊಂಡೆ, ನನಗೆ ಗೊತ್ತೂ ಆಗಲಿಲ್ಲ.

ಈಗ ಭಯ ಶುರುವಾಗಿದೆ. ಇನ್ನೂ ಏನೇನು ನಿನ್ನದು? ಕಾಕಾ ಸಲಿಕೆಯ ಮೇಲೆ ರೊಟ್ಟಿ ಬಿಸಿ ಮಾಡಿ ನನ್ನ ಕೈಗೆ ಕೊಟ್ಟದ್ದು ನಿಜವಾ? ನಾವಿಬ್ಬರೂ ಒಂದು ಭಾನುವಾರ ಶೆಡ್ಡಿಗೆ ಹೋದದ್ದು ಹೌದು, ಅಷ್ಟು ಗೊತ್ತು. ರೊಟ್ಟಿ ಕೈ ಸುಟ್ಟದ್ದು ನೆನಪಿದೆ. ಆದರೆ ಕಣ್ಣು ಉರಿದದ್ದೂ ಹೀಗೇ ನೆನಪಿತ್ತಲ್ಲ. ಎಂಜಿನ್ ಬಗ್ಗೆ ನನಗೆ ತಿಳಿದಿರುವುದೆಲ್ಲ ಪುಸ್ತಕದಿಂದ ಬಂದದ್ದು. ಅದು ಯಾರಿಗೂ ಗೊತ್ತಾಗಬಾರದು ಅಂತ ಮೇಲೊಂದು ನಿನ್ನ ಕಿಡಿ ಇಟ್ಟುಕೊಂಡೆ. ಅದನ್ನು ತೆಗೆದರೆ ನಾನು ಬರೀ ಅಂಕಿ ಅಂಶ ಒದರುವ ಮುದುಕ. ಮಕ್ಕಳು ದೂರ ಓಡುತ್ತಾರಲ್ಲ, ಅಂಥವನು.

ಮೂರು ಚಿಕ್ಕ ಸೀಟಿ. ಡ್ರೈವರ್ ಹೀಗೆ ಊದಿದರೆ 'ಗಾರ್ಡಪ್ಪಾ, ಗಾಡಿ ನನ್ನ ಹಿಡಿತದಲ್ಲಿಲ್ಲ, ನೀನು ಬ್ರೇಕ್ ಹಾಕು' ಅಂತ ಅರ್ಥ. ಈ ಪತ್ರಕ್ಕೂ ಇಲ್ಲಿ ಊದಬೇಕಾಗಿದೆ. ಇಷ್ಟೆಲ್ಲ ಬರೆಯುವ ಅಂದಾಜಿರಲಿಲ್ಲ. ಒಂದು ಸಾರಿ ಹೇಳಿ, ಎರಡು ಜೋಕು ಹೊಡೆದು ಇಳಿದುಹೋಗುವ ಲೆಕ್ಕವಿತ್ತು.

ಸಾರಿ.

ಜೋಕು ಬಾಕಿ ಇದೆ. ಮನೆಗೆ ಬಂದ ಮೇಲೆ ಆಯಿಯನ್ನು ಕೇಳಿದೆ, ನನ್ನ ಕಣ್ಣಿಗೆ ಯಾವತ್ತೂ ಏನೂ ಬಿದ್ದಿರಲಿಲ್ಲವಾ ಅಂತ. ಬಹಳ ಹೊತ್ತು ಯೋಚಿಸಿದಳು. 'ಒಂದು ಸಲ ನುಸಿ ಬಿದ್ದಿತ್ತು' ಎಂದಳು. ಅದೂ ತಾನಾಗಿಯೇ ಹೋಯಿತಂತೆ. ಇದು ನನ್ನ ಸ್ವಂತ ಅನುಭವ, ಹಕ್ಕು ಕಾಯ್ದಿರಿಸಿದೆ. ನಮ್ಮ ಕನ್ನಡದಲ್ಲಿ ಸುಳ್ಳು ಹೇಳುವುದಕ್ಕೆ 'ರೈಲು ಬಿಡುವುದು' ಎಂದು ಯಾಕನ್ನುತ್ತಾರೆ ಎಂದು ಹುಡುಗಿ ಮಾರನೇ ದಿನ ಕೇಳಿದಳು. ನನ್ನ ಮುಖ ನೋಡಿಕೊಂಡೇ ಕೇಳಿದಳು. ಈ ಒಂದು ಪ್ರಶ್ನೆಗೆ ಗೈಡ್ ಹತ್ತಿರ ಉತ್ತರವಿರಲಿಲ್ಲ.

ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುತ್ತೇನೆ. ಕಾಕಾನ ಹತ್ತಿರ ರೊಟ್ಟಿಯ ವಿಚಾರ ಕೇಳುವುದಿದೆ. ನೀನು ಸ್ಟೇಷನ್ನಿಗೆ ಬರುವುದಾದರೆ ಎಲ್ಲಿ ನಿಂತಿರುತ್ತೀಯ ಅಂತ ಮೊದಲೇ ಸರಿಯಾಗಿ ಹೇಳು. ನಿಮ್ಮೂರಿನ ಪ್ಲಾಟ್‌ಫಾರಂ ಈಗ 1507 ಮೀಟರ್ ಉದ್ದ. ಹೋದ ಸಲ ನೀನು ನನ್ನನ್ನು ಈ ತುದಿಯಿಂದ ಆ ತುದಿಗೆ ಬ್ಯಾಗ್ ಹೊರಿಸಿ ನಡೆಸಿದೆ, ಆಮೇಲೆ 'ವಾಕಿಂಗ್ ಛಲೋ ಆತಲ್ಲ' ಎಂದೆ.

ಕೊಡೆ ತರುವುದಿಲ್ಲ.

ನಿನ್ನ,
ಲೈಟ್ ಎಂಜಿನ್