ಸೆಕ್ಸ್‌ಟೆಂಟ್: ಹಡಗಿನ ಲೆಕ್ಕ ಕಲಬುರಗಿಗೆ ನಡೆಯದು

ಮಾನ್ಯರೇ,

ಶಾಲಾ ವಿಜ್ಞಾನ ಮೇಳಕ್ಕೆ, ಸೂರ್ಯನ ಎತ್ತರವನ್ನು ಕನ್ನಡಿಗಳ ಮೂಲಕ ಕೋನದಲ್ಲಿ ಅಳೆಯುವ ಸೆಕ್ಸ್‌ಟೆಂಟ್ ಹಿಡಿದು ಊರಿನ ಅಕ್ಷಾಂಶ ತೋರಿಸಲು ಹೊರಡುವ ಶಿಕ್ಷಕರಿಗೆ ಒಂದು ಮಾತು. ಹಡಗಿನವರಿಗೆ ಬರೆದ ಲೆಕ್ಕವನ್ನು ಹಾಗೇ ಕಲಬುರಗಿಗೆ ತಂದರೆ ಉತ್ತರ ತಪ್ಪುತ್ತದೆ.

ಕಡಲಲ್ಲಿ ದಿಗಂತ ಸಪಾಟು ಗೆರೆ. ಇಲ್ಲಿ ತೊಗರಿ ಹೊಲದಾಚೆಯ ಅಂಚನ್ನೇ ದಿಗಂತವೆಂದುಕೊಂಡರೆ, ಅದು ಅರ್ಧ ಡಿಗ್ರಿ ಮೇಲಿದ್ದರೂ 55 ಕಿ.ಮೀ. ತಪ್ಪು. ಕೋಟೆಯ ಬುರುಜು ಹತ್ತಿದರೂ ಇದು ತಪ್ಪದು. ಹಾಗಾಗಿ ದಿಗಂತದ ಬದಲು ಅಗಲವಾದ ತಾಟಿನಲ್ಲಿ ಹಳೇ ಎಂಜಿನ್ ಆಯಿಲ್ ಸುರಿದು, ಅದರಲ್ಲಿ ಕಾಣುವ ಸೂರ್ಯನ ಮೇಲೆ ಉಪಕರಣದ ಕನ್ನಡಿಯ ಸೂರ್ಯನನ್ನು ಸರಿಯಾಗಿ ಕೂರಿಸಬೇಕು. ಎಣ್ಣೆಯ ಬದಲು ನೀರಿಟ್ಟರೆ ಅದು ಸಣ್ಣ ಗಾಳಿಗೂ ಅಲುಗುತ್ತದೆ. ಎರಡೂ ಬಿಂಬಗಳಿಗೆ ಕಪ್ಪು ಗಾಜು ಕಡ್ಡಾಯ. ಎಣ್ಣೆಯೊಳಗಿನ ಸೂರ್ಯನೂ ಕಣ್ಣು ಕೆಡಿಸುತ್ತಾನೆ.

ಹೀಗೆ ಸಿಗುವುದು ಸೂರ್ಯನ ಎತ್ತರದ ಎರಡರಷ್ಟು ಕೋನ. ಎಡವುವುದು ಇಲ್ಲೇ. ಮೊದಲು ಶೂನ್ಯ ದೋಷ (ಸೊನ್ನೆ ತೋರಬೇಕಾದಲ್ಲಿ ಉಪಕರಣ ತೋರುವ ಹೆಚ್ಚಿನ ಅಳತೆ) ಕಳೆಯಿರಿ, ಆಮೇಲೆ ಅರ್ಧ ಮಾಡಿ. ಉದಾಹರಣೆಗೆ ಡಿಸೆಂಬರ್ 22ರ ಮಧ್ಯಾಹ್ನ ಉಪಕರಣ 98 ಡಿಗ್ರಿ 32 ನಿಮಿಷ (ಇಲ್ಲಿ ನಿಮಿಷವೆಂದರೆ ಡಿಗ್ರಿಯ 60ನೇ ಒಂದು ಭಾಗ) ತೋರಿತೆನ್ನಿ, ದೋಷ 2 ನಿಮಿಷ ಹೆಚ್ಚು. ಕಳೆದರೆ 98 ಡಿಗ್ರಿ 30, ಅರ್ಧ 49 ಡಿಗ್ರಿ 15. ಗಾಳಿ ಬೆಳಕನ್ನು ಬಾಗಿಸುವ ವಕ್ರೀಭವನಕ್ಕೆ ಸುಮಾರು 1 ನಿಮಿಷ ತೆಗೆದರೆ 49 ಡಿಗ್ರಿ 14. ಇದನ್ನು 90ರಿಂದ ಕಳೆದು, ಅಂದು ಸೂರ್ಯ ದಕ್ಷಿಣಕ್ಕಿರುವ 23 ಡಿಗ್ರಿ 26 ನಿಮಿಷವನ್ನೂ ಕಳೆದರೆ 17 ಡಿಗ್ರಿ 20: ನಮ್ಮ ಊರೇ! ಅರ್ಧ ಮಾಡಿದ ಮೇಲೆ ಪೂರ್ತಿ 2 ನಿಮಿಷ ಕಳೆದಿದ್ದರೆ ಎತ್ತರ 1 ನಿಮಿಷ ಕಡಿಮೆಯಾಗಿ, ಊರು 1.85 ಕಿ.ಮೀ. ಉತ್ತರಕ್ಕೆ ಸರಿಯುತ್ತಿತ್ತು. ಕಡಲಲ್ಲಿ ಕಣ್ಣಿನೆತ್ತರಕ್ಕೆ ಕಳೆಯುವ ದಿಗಂತದ ಇಳಿತವನ್ನು (ಎತ್ತರದಿಂದ ನೋಡಿದಾಗ ದಿಗಂತ ಕೆಳಗೆ ಕಾಣುವ ಕೋನ) ಎಣ್ಣೆ ತಾಟಿನ ಲೆಕ್ಕಕ್ಕೆ ಸೇರಿಸಲೇಬಾರದು. ಬಿಂಬಗಳನ್ನು ಒಂದರ ಮೇಲೊಂದು ಕೂರಿಸಿದಾಗ ಸೂರ್ಯನ ಅರ್ಧ ವ್ಯಾಸದ 16 ನಿಮಿಷವೂ ಬೇಡ.

ಇನ್ನು ವೇಳೆ. ಭಾರತೀಯ ಕಾಲ 82.5 ಡಿಗ್ರಿ ರೇಖಾಂಶದ್ದು. ನಾವಿರುವುದು ಪಶ್ಚಿಮಕ್ಕೆ, 76 ಡಿಗ್ರಿ 50 ನಿಮಿಷದಲ್ಲಿ. ಹಾಗಾಗಿ ಡಿಸೆಂಬರ್ 22ರಂದು ಸೂರ್ಯ ನೆತ್ತಿಯ ರೇಖೆಗೆ ಬರುವುದು ಸುಮಾರು 12.21ಕ್ಕೆ. ಗಡಿಯಾರದ 12ಕ್ಕೇ ಅಳೆದರೆ ಅವನು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಕೆಳಗಿರುತ್ತಾನೆ, ಸುಮಾರು 35 ಕಿ.ಮೀ. ಕೈತಪ್ಪುತ್ತದೆ. 12.10ರಿಂದಲೇ ಅಳೆಯುತ್ತಾ ಹೋಗಿ ಗರಿಷ್ಠ ಕೋನವನ್ನು ಬರೆದುಕೊಳ್ಳುವುದೇ ಸರಿ.

ಸಾಮಾನ್ಯ ಸೆಕ್ಸ್‌ಟೆಂಟ್ ಸುಮಾರು 120 ಡಿಗ್ರಿಯವರೆಗೆ ಮಾತ್ರ ಅಳೆಯುವುದರಿಂದ, ಎಣ್ಣೆ ತಾಟಿನಲ್ಲಿ 60 ಡಿಗ್ರಿಗಿಂತ ಎತ್ತರದ ಸೂರ್ಯ ಸಿಗುವುದಿಲ್ಲ. ಕಲಬುರಗಿಯಲ್ಲಿ ಮಧ್ಯಾಹ್ನದ ಅಳತೆಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಮಾತ್ರ ಅವಕಾಶ. ಶಾಲೆಗಳು ಈ ಪ್ರಯೋಗವನ್ನು ಆ ತಿಂಗಳುಗಳಿಗೇ ಇಟ್ಟುಕೊಳ್ಳಲಿ.

– ಗಣಿತ ಶಿಕ್ಷಕ, ಕಲಬುರಗಿ