ರಾಣಿ ಹಾರುವ ಹೊತ್ತಿಗೆ ಹೊಗೆ ಬೇಡ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಳೆದ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬಂತು. ನಾನು ತಾರಸಿಯಿಂದ ಇಳಿದು ಗೇಟಿಗೆ ಓಡುವಷ್ಟರಲ್ಲಿ ಹೊಗೆ ಕಾಂಪೌಂಡ್ ದಾಟಿತ್ತು. ಐದು ನಿಮಿಷ ನಿಲ್ಲಿಸಿ, ಜೇನುಪೆಟ್ಟಿಗೆಗಳ ಬಾಯಿ ಮುಚ್ಚಿ ಬರುತ್ತೇನೆ ಎಂದು ಕೈಮುಗಿದು ಕೇಳಿದೆ. ಯಂತ್ರ ಹೊತ್ತಿದ್ದ ಹುಡುಗ, “ಇನ್ನೂ ಹನ್ನೊಂದು ಬೀದಿ ಇವೆ ಅಮ್ಮ, ಸಂಜೆಯೊಳಗೆ ಮುಗಿಸಬೇಕು” ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಅವನೇ ಆ ಹೊಗೆಯೊಳಗೆ ನಿಂತಿದ್ದ. ನಡುಹಗಲಿಗೆ ವೇಳಾಪಟ್ಟಿ ಬರೆದವರ ಮೇಲೆ ಕೋಪವಿದೆ.

ನನ್ನ ತಾರಸಿಯಲ್ಲಿರುವ ಆರು ಪುಟ್ಟ ಪೆಟ್ಟಿಗೆಗಳು ಜೇನುತುಪ್ಪಕ್ಕಾಗಿ ಇಟ್ಟವಲ್ಲ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನಿನ ರಾಣಿಗಳ ಮಿಲನಕ್ಕಾಗಿ ಇಟ್ಟವು. ರಾಣಿಯನ್ನು ಬೆಳೆಸಲು, ಮೊಟ್ಟೆಯೊಡೆದು ಒಂದು ದಿನವೂ ತುಂಬದ ಮರಿಹುಳುವನ್ನು ಸೂಜಿಯಂಥ ಸಲಕರಣೆಯಿಂದ ಎತ್ತಿ ಮೇಣದ ಬಟ್ಟಲಿಗೆ ದಾಟಿಸಬೇಕು. ಕಣ್ಣು ಮಂಜಾಗುವ ಕೆಲಸ. ಹನ್ನೆರಡು ದಿನಕ್ಕೆ ರಾಣಿ ಹೊರಬರುತ್ತದೆ. ಇನ್ನೊಂದು ವಾರದೊಳಗೆ ಬಿಸಿಲಿರುವ ಮಧ್ಯಾಹ್ನ ಅದು ಗೂಡು ಬಿಟ್ಟು ಹಾರಿ, ಆಕಾಶದಲ್ಲೇ ಹತ್ತಾರು ಗಂಡು ಜೇನುನೊಣಗಳೊಡನೆ ಕೂಡಿ ಮರಳುತ್ತದೆ. ಬದುಕಿಡೀ ಮೊಟ್ಟೆಯಿಡಲು ಆ ಕೆಲವು ದಿನಗಳ ಹಾರಾಟವೇ ಬಂಡವಾಳ. ಸುಮಾರು ಮೂರು ವಾರದೊಳಗೆ ಮಿಲನವಾಗದಿದ್ದರೆ ಆ ರಾಣಿಯ ಮೊಟ್ಟೆಗಳಿಂದ ಗಂಡು ನೊಣಗಳಷ್ಟೇ ಹುಟ್ಟುತ್ತವೆ, ಕುಟುಂಬ ನಶಿಸುತ್ತದೆ.

1991-92ರಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆಯನ್ನು ಹೇಗೆ ಗುಡಿಸಿಹಾಕಿತೆಂಬುದನ್ನು ಹಳೆಯ ಜೇನು ಸಾಕಾಣಿಕೆದಾರರು ಈಗಲೂ ಹೇಳುತ್ತಾರೆ. ಅದಕ್ಕೇ ನಾನು ಆರೋಗ್ಯವಂತ ಕುಟುಂಬದಿಂದ ಮಾತ್ರ ರಾಣಿ ಬೆಳೆಸುತ್ತೇನೆ. ಮಾಗಡಿ ಕಡೆಯ ನಾಲ್ವರು ರೈತರು ಈ ರಾಣಿಗಳಿಗಾಗಿ ಕಾಯುತ್ತಿದ್ದರು.

ಬುಧವಾರ ಬೆಳಗ್ಗೆ ಪೆಟ್ಟಿಗೆಗಳ ಮುಂದೆ ನೊಣಗಳು ನಾಲಿಗೆ ಚಾಚಿ ಸತ್ತು ಬಿದ್ದಿದ್ದವು. ಇನ್ನೂ ಕೆಲವು ಗರಗರನೆ ಸುತ್ತುತ್ತಿದ್ದವು. ಆರರಲ್ಲಿ ನಾಲ್ಕು ಪೆಟ್ಟಿಗೆಗಳಿಗೆ ರಾಣಿ ಮರಳಿಲ್ಲ. ಪೊರಕೆಯಿಂದ ಗುಡಿಸಲು ಮನಸ್ಸಾಗದೆ ಕೈಯಿಂದಲೇ ಬಾಚಿ ಮಡಕೆಗೆ ತುಂಬಿದೆ. ನಾಲ್ವರಿಗೂ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಕ್ಷಮೆ ಕೇಳಬೇಕಾದವಳು ನಾನೇ?

ನಿಯಮ ನಿಮಗೆ ಗೊತ್ತಿರುವಂಥದ್ದೇ. ಹೊಗೆ ಬಿಡಬೇಕಾದದ್ದು ಬೆಳಗಿನ ಜಾವ ಅಥವಾ ಮುಸ್ಸಂಜೆ. ನೆಲ ಕಾದಿರುವಾಗ ಬಿಸಿಗಾಳಿಯೊಂದಿಗೆ ಹೊಗೆ ಮೇಲೇರಿ ಚದುರಿಹೋಗುತ್ತದೆ, ಸೊಳ್ಳೆ ಕೆಳಗೆ ಹಾಯಾಗಿರುತ್ತದೆ. ಡೆಂಗಿ ನಮ್ಮ ಮನೆಗೂ ಬಂದಿದೆ. ಹೊಗೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹಗಲಲ್ಲಿ ಬೇಡ. ಒಂದು ದಿನ ಮೊದಲೇ ತಿಳಿಸಿ. ಕತ್ತಲಾದ ಮೇಲೆ ನೊಣಗಳೆಲ್ಲ ಗೂಡಿನಲ್ಲಿರುತ್ತವೆ, ಬಾಯಿ ಮುಚ್ಚಿ ಒದ್ದೆ ಗೋಣಿ ಹೊದಿಸುತ್ತೇನೆ. ಇಷ್ಟೇ ಸಾಕು.

ಇಷ್ಟನ್ನೇ ಮೂರು ವರ್ಷದಿಂದ ಕೇಳುತ್ತಿದ್ದೇನೆ. ನಿಮ್ಮ ಜನಸಂಪರ್ಕ ಸಭೆಯಲ್ಲಿ ಎರಡು ಬಾರಿ ಅರ್ಜಿ ಕೊಟ್ಟೆ. ಎರಡನೆಯದನ್ನು ನೀವೇ ಕೈಯಾರೆ ತೆಗೆದುಕೊಂಡಿರಿ. ಕಚೇರಿಯೊಂದರಲ್ಲಿ, “ಜೇನು ಸಾಕುವುದಾದರೆ ಹಳ್ಳಿಗೆ ಹೋಗಿ” ಎಂದರು. ಹೊಂಗೆ, ನೇರಳೆ ಹೂ ಬಿಡುವ ಈ ಬೀದಿಗಳಲ್ಲಿ ಜೇನಿಗೆ ಜಾಗವಿಲ್ಲವೆಂದು ಹೇಳಲು ಅವರು ಯಾರು? ನನಗೆ ಪರಿಹಾರದ ಹಣ ಬೇಡ, ಸನ್ಮಾನವೂ ಬೇಡ. ಹಗಲಿನ ಹೊಗೆ ನಿಲ್ಲಿಸಿ, ಒಂದು ದಿನ ಮೊದಲೇ ತಿಳಿಸಿ.

ಉಳಿದ ಕುಟುಂಬಗಳಿಂದ ಹೊಸ ಮರಿಹುಳುಗಳನ್ನು ನಿನ್ನೆ ಬಟ್ಟಲಿಗೆ ದಾಟಿಸಿದ್ದೇನೆ. ಇನ್ನು ಹದಿನೇಳು ದಿನಕ್ಕೆ ಆ ರಾಣಿಗಳು ಹಾರಲು ಸಿದ್ಧವಾಗುತ್ತವೆ. ಅಷ್ಟರೊಳಗೆ ಆ ವೇಳಾಪಟ್ಟಿ ಬದಲಾಗಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
ಬೆಂಗಳೂರು